ಇನಾರಿ ದೇವರಿಗೆ ಹೊಡೆದ ಚಪ್ಪಾಳೆ

ಶ್ರಾವಣ ಸೋಮವಾರ. ಗುರುಗುಂಟಾದ ಕೆಳಗಿನ ಓಣಿಯ ಸಣ್ಣ ಈಶ್ವರ ಗುಡಿಯಲ್ಲಿ ಮಂಗಳಾರತಿ ಎತ್ತಿದ್ದರು. ಗಂಟೆಯ ಸದ್ದು ನಿಂತು, ನೆರೆದ ಮಂದಿಯೆಲ್ಲ ಕೈ ಮುಗಿದು ಕಣ್ಣು ಮುಚ್ಚಿದ್ದ ಆ ಒಂದು ಗಳಿಗೆಯಲ್ಲಿ, ಸಿಂಧನೂರಿನ ರೈಸ್ ಮಿಲ್ ಫಿಟ್ಟರ್ ಯಂಕೋಬ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ನೆಟ್ಟಗೆ ನಿಂತು, ಪಟ್ ಪಟ್ ಎಂದು ಎರಡು ಚಪ್ಪಾಳೆ ಹೊಡೆದ.

ಆ ಗುಡಿಯ ಐನೋರು ಪೂಜೆಗೆ ನಿಲ್ಲುವ ಮೊದಲು ಲಿಂಗಸುಗೂರಿನ ಒಂದು ಖಾನಾವಳಿಯಲ್ಲಿ ಬಹಳ ವರ್ಷ ಬಡಿಸಿದವರು. ಚಪ್ಪಾಳೆ ಕಿವಿಗೆ ಬಿದ್ದದ್ದೇ ತಡ, ಆರತಿ ಕೈಯಲ್ಲಿರುವುದನ್ನೂ ಮರೆತು, "ಬಂದೆ ರೀ, ಸಾರು ತಂದೆ!" ಎಂದುಬಿಟ್ಟರು.

ಗುಡಿ ತುಂಬ ನಗೆ. ನಗದೇ ಇದ್ದವರು ಇಬ್ಬರು: ಒಬ್ಬ ಯಂಕೋಬ, ಇನ್ನೊಬ್ಬಳು ಅವನ ಪಕ್ಕದಲ್ಲೇ ನಿಂತಿದ್ದ ಅವನ ಹೆಂಡತಿ ಅಮರಮ್ಮ. ಈಶ್ವರನ ವಿಷಯ ನನಗೆ ಗೊತ್ತಿಲ್ಲ.

ಬರೀ ದೇವರ ದರ್ಶನಕ್ಕೆ ಬಂದಿದ್ದರೆ ಇದು ನಗೆಯಲ್ಲೇ ಮುಗಿಯುತ್ತಿತ್ತು. ಅಮರಮ್ಮ ಗಂಡನನ್ನು ಬಿಟ್ಟು ಗುರುಗುಂಟಾದ ತವರಿಗೆ ಬಂದು ಕೂತು ವರ್ಷದ ಮೇಲಾಗಿತ್ತು. ಆಕೆಯ ಕಾಕಾ ಆದಪ್ಪ ಆ ಕಡೆಗೂ ಈ ಕಡೆಗೂ ಎಡತಾಕಿ, ಇಬ್ಬರನ್ನೂ ಒಂದೇ ಆರತಿಗೆ ನಿಲ್ಲಿಸುವ ಮಟ್ಟಕ್ಕೆ ತಂದಿದ್ದ. ಆರತಿ ತೆಗೆದುಕೊಳ್ಳುವುದು, ಜೋಡಿಯಾಗಿ ಕಾಯಿ ಒಡೆಸುವುದು, ಸಿಂಧನೂರಿನ ಬಸ್ ಹತ್ತುವುದು ಎಂದು ಮಾತಾಗಿತ್ತು. ಅಮರಮ್ಮನ ಬ್ಯಾಗು ಗುಡಿಯ ಕಟ್ಟೆಯ ಮೇಲೆ ಇತ್ತು. ಚಪ್ಪಾಳೆ ಬಿದ್ದ ಮೇಲೆ ಆಕೆ ಸೆರಗು ಎಳೆದುಕೊಂಡು, ಬ್ಯಾಗು ಬಗಲಿಗೆ ಇಟ್ಟು, ವಾಪಸ್ಸು ಮನೆಯ ದಾರಿ ಹಿಡಿದಳು. ಹಿಂದೆ ಓಡಿದ ಆದಪ್ಪನಿಗೆ ಆಕೆ ಹೇಳಿದ್ದು ಇಷ್ಟು:

"ಕಾಕಾ, ಹುಟ್ಟಿದಾಗಿಂದ ಮುಗದ ಕೈ ಅದು. ದೇವರಿಗೆ ಹೆಂಗ ಕೈ ಮುಗೀಬೇಕಂಬೋದನ್ನ ನಾಕು ತಿಂಗಳದಾಗ ಮರ್ತು ಬಂದಾನ. ನಾ ಎಲ್ಲಿ ನೆನಪಿರ್ತೀನಿ?"

ಈ ಚಪ್ಪಾಳೆ ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಜಪಾನಿಗೆ ಹೋಗಿ ಬರಬೇಕು. ಯಂಕೋಬ ಹೋಗಿ ಬಂದಿದ್ದ.

ನಾನು ಆಗ ಸಿಂಧನೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಯಂಕೋಬನ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಆ ಗೋಡೆಯಿಂದ ಈಚೆಗೆ ಬರುತ್ತಿದ್ದದ್ದು ಅಮರಮ್ಮನ ದನಿ ಮಾತ್ರ. ಇಬ್ಬರ ಪಾಲಿನ ಮಾತನ್ನೂ ಆಕೆಯೇ ಆಡುತ್ತಿದ್ದಳು, ಇಬ್ಬರ ಪಾಲಿನ ಮೌನವನ್ನು ಆತ ನೋಡಿಕೊಳ್ಳುತ್ತಿದ್ದ. ಮಕ್ಕಳಿರಲಿಲ್ಲ. ಯಂಕೋಬ ಸಾಲಗುಂದದವನು, ತಂದೆತಾಯಿ ಹೋದಮೇಲೆ ಸೋದರತ್ತೆಯ ಕೈಯಲ್ಲಿ ಬೆಳೆದು, ಕಾಲುವೆ ನೀರಿನ ಹಿಂದೆ ನೆಲ್ಲು, ನೆಲ್ಲಿನ ಹಿಂದೆ ಮಿಲ್ಲು ಬಂದಾಗ, ಮಿಲ್ಲಿನ ಹಿಂದೆ ತಾನು ಬಂದವನು. ಮಿಷನ್ನಿಗೆ ಕಿವಿ ಹಚ್ಚಿ ಕೂತರೆ ಊಟ ಮರೆಯುತ್ತಿದ್ದ. ಮನುಷ್ಯರಿಗೆ ಕಿವಿ ಹಚ್ಚುವುದು ಅವನಿಗೆ ಅಷ್ಟಾಗಿ ಒಗ್ಗಿರಲಿಲ್ಲ.

ಎಂಬತ್ತೆಂಟರಲ್ಲಿ ಅವನ ಸಾಹುಕಾರ, ಆಂಧ್ರದಿಂದ ಬಂದು ನೆಲೆಸಿದ ಕೋಟೇಶ್ವರರಾಯರು, ಅಕ್ಕಿ ಪಾಲಿಶ್ ಮಾಡುವ ಜಪಾನಿನ ಮಿಷನ್ ತರಿಸುವ ಮನಸ್ಸು ಮಾಡಿದರು. ಅದನ್ನು ಬಿಚ್ಚುವುದು, ಜೋಡಿಸುವುದು ಕಲಿಯಲು ಒಬ್ಬರು ನಾಕು ತಿಂಗಳ ಮಟ್ಟಿಗೆ ಅಲ್ಲಿಗೇ ಬರಬೇಕೆಂದು ಆ ಕಂಪನಿಯವರು ಹೇಳಿದ್ದರಿಂದ ಯಂಕೋಬನ ನಸೀಬು ತೆರೆಯಿತು. ರಾಯರು ಅವನನ್ನು ಮೂಲೆಗೆ ಕರೆದು, "ಚೂಡು ಯಂಕೋಬ, ಈ ಮಾತು ಹೊರಗ ಹೋಗಬಾರದು. ಪಕ್ಕದ ಕ್ಯಾಂಪಿನ ಮಿಲ್ಲಿನವರಿಗೆ ತಿಳೀತೋ, ನಮಗಿಂತ ಮೊದಲು ಅವರು ತರ್ತಾರ. ಹೆಂಡ್ತಿಗೂ ಹೇಳಬ್ಯಾಡ. ಮಿಲ್ಲಿನ ಕೆಲಸಕ್ಕ ಕಾಕಿನಾಡಕ್ಕ ಹೊಂಟೀನಿ ಅನ್ನು" ಎಂದರು.

ಯಂಕೋಬ ಹಾಗೇ ಹೇಳಿದ. ಕಾಕಿನಾಡದಲ್ಲಿ ಸೊಳ್ಳೆ ಬಹಳ ಎಂದು ಯಾರೋ ಹೇಳಿದ್ದನ್ನು ಕೇಳಿ ಅಮರಮ್ಮ ಹೊಸ ಸೊಳ್ಳೆಪರದೆ ಹೊಲಿಸಿ, ಮಡಿಸಿ, ಟ್ರಂಕಿನಲ್ಲಿಟ್ಟಳು. ಆ ಸೊಳ್ಳೆಪರದೆ ಜಪಾನ್ ನೋಡಿಕೊಂಡು ಬಂತು.

ಅತ್ತ ಯಂಕೋಬ ಹೋದಮೇಲೆ ಇತ್ತ ಗುರುಗುಂಟಾದಲ್ಲಿ ಅಮರಮ್ಮನ ಬಳಗದ ಒಂದು ಮದುವೆ. ಆಕೆ ಬಡಿಸುವವರ ಸಾಲಿನಲ್ಲಿದ್ದಳು. ಹೆಂಗಸರು ಗಂಡ ಎಲ್ಲಿ ಎಂದು ಕೇಳಿದ್ದಕ್ಕೆ ಕಾಕಿನಾಡದ ಸಮುದ್ರ, ಅಲ್ಲಿನ ಮಿಲ್ಲು, ಸೊಳ್ಳೆ ಎಲ್ಲವನ್ನೂ ಕಂಡು ಬಂದವಳಂತೆ ಹೇಳುತ್ತಿದ್ದಳು. ಅಷ್ಟರಲ್ಲಿ, ಗಂಡಿನ ಕಡೆಯವರು ಕರೆದಿದ್ದ ರಾಯರು ಊಟಕ್ಕೆ ಬಂದರು. ಮಿಷನ್ ಆಗಲೇ ಹಡಗು ಹತ್ತಿದ್ದರಿಂದ ಅವರಿಗೆ ಗುಟ್ಟಿನ ಭಾರ ಇಳಿದು ಹೆಮ್ಮೆಯ ಭಾರ ಏರಿತ್ತು. ಪಂಗತಿಯ ನಡುವಿನಿಂದಲೇ, "ಏನವ್ವ ಅಮರಮ್ಮ, ಜಪಾನಿನ ಸುದ್ದಿ ಏನೈತಿ? ನಮ್ಮ ಯಂಕೋಬ ಅಲ್ಲಿ ಎಲ್ಲಾರಿಗೂ ಬೇಕಾದಾವ ಆಗ್ಯಾನಂತಲ್ಲ!" ಎಂದರು.

ಅಮರಮ್ಮನ ಕೈಯಲ್ಲಿ ಸೌಟು ಇತ್ತು. ಪಕ್ಕದ ಮುದುಕಿ, "ಅಲ್ಲ ಬೇ, ಕಾಕಿನಾಡ ಅಂದಿ?" ಎಂದು ಕೇಳಿದಳು. ಆ ಮದುವೆ ಮುಗಿದಮೇಲೆ ಅಮರಮ್ಮ ಸಿಂಧನೂರಿನ ಬಸ್ ಹತ್ತಲಿಲ್ಲ. ಮನೆಯ ಕೀಲಿಕೈಯನ್ನು ಬಸ್ ಕಂಡಕ್ಟರ್ ಖಾದರಬಾಷಾನ ಕೈಯಲ್ಲಿ ನನಗೆ ಕಳಿಸಿದಳು.

ಇದ್ಯಾವುದೂ ಗೊತ್ತಿಲ್ಲದ ಯಂಕೋಬ ಅಲ್ಲಿ, ಹಿರೋಶಿಮಾ ಕಡೆಯ ಒಂದು ಕಾರ್ಖಾನೆಯ ಊರಿನಲ್ಲಿ, ಒಂದು ಕೋಣೆಯ ಕಿಟಕಿಗೆ ನಿಂತಿದ್ದ. ಕೆಲಸದ ದಿನಗಳು ಹೇಗೋ ಕಳೆಯುತ್ತಿದ್ದವು. ಕಲಿಸುವವನ ಹೆಸರು ಮೊರಿತಾ; ಹೆಸರು ಮೊರಿತಾ, ಮನುಷ್ಯನಲ್ಲಿ ಮೊರೆತವೇ ಇಲ್ಲ. ಅವರಿಬ್ಬರ ನಡುವೆ ಇದ್ದ ಭಾಷೆ ಬೋಲ್ಟು, ಬೇರಿಂಗು, ಬೆಲ್ಟು, ಅಷ್ಟೇ. ರವಿವಾರ ಮಿಷನ್ ನಿಂತರೆ ಮಾತೂ ನಿಲ್ಲುತ್ತಿತ್ತು. ಸಿಂಧನೂರಿನಲ್ಲಾದರೆ ಸೂಟಿಯ ದಿನ ಜಿಲಾನಿಸಾಬನ ಚಹಾದಂಗಡಿಯಲ್ಲಿ ಸುಮ್ಮನೆ ಕೂಡಬಹುದಿತ್ತು. ಸುಮ್ಮನೆ ಕೂಡುವುದಕ್ಕೂ ನಾಕು ಮಂದಿಯ ಮಾತು ಸುತ್ತಲೂ ಬೇಕು. ಇಲ್ಲಿ ಕಿಟಕಿಯ ಹೊರಗೆ ಹಿಮ ಬೀಳುತ್ತಿತ್ತು, ಅದಕ್ಕೂ ಸದ್ದಿಲ್ಲ.

ಒಂದು ರವಿವಾರ ಕಿಟಕಿಯ ಕೆಳಗೆ ಮೊರಿತಾ ಬಂದು ನಿಂತು, ಅಂಗೈ ಕೆಳಗೆ ಮಾಡಿ, ಬೆರಳು ಆಡಿಸಿ ಕರೆದ. ನಮ್ಮ ಕಡೆ ಕರೆಯುವ ಹಾಗೇ. ಆ ದೇಶದಲ್ಲಿ ಯಂಕೋಬನಿಗೆ ಪೂರ್ತಿ ತಿಳಿದ ಮೊದಲ ಮಾತು ಅದು. ಕೋಟು ಹಾಕಿಕೊಂಡು ಇಳಿದ.

ಕಾರ್ಖಾನೆಯ ಹಿಂದಿನ ಗುಡ್ಡದ ಮೇಲೆ ಬಹಳ ಹಳೆಯ ಗುಡಿಯೊಂದಿತ್ತು. ಅದಕ್ಕೆ ಹೋಗುವ ಮೆಟ್ಟಿಲುಗಳ ಮೇಲೆ ಕೆಂಪು ಬಣ್ಣದ ಕಮಾನುಗಳು, ಒಂದರ ಹಿಂದೆ ಒಂದು, ಮಂಜಿನೊಳಗೆ ಕಾಣದಾಗುವವರೆಗೂ. ಎರಡು ಕಂಬ, ಮೇಲೆ ಎರಡು ತೊಲೆ, ಬಾಗಿಲು ಮಾತ್ರ ಇಲ್ಲ. ಬಡಗಿ ಕೆಲಸ ಅರ್ಧಕ್ಕೇ ಬಿಟ್ಟು ಹೋಗಿದ್ದಾನೆ ಎಂದು ಯಂಕೋಬ ತಿಳಿದ. ಅದಕ್ಕೆ ಅವರು 'ತೋರಿ' ಅನ್ನುತ್ತಾರೆ ಎಂದು ಆಮೇಲೆ ನಾನು ಪುಸ್ತಕ ನೋಡಿ ಹೇಳಿದೆ. ಒಳ್ಳೆಯ ಹೆಸರು, ದಾರಿ ತೋರಿ ಸುಮ್ಮನಾಗುತ್ತದೆ, ಯಾರನ್ನೂ ತಡೆಯುವುದಿಲ್ಲ. ದೇವರ ಹೆಸರು ಇನಾರಿ, ನೆಲ್ಲಿನ ದೇವರು. ಅದಕ್ಕೇ ಅಕ್ಕಿ ಮಿಷನ್ನಿನವರಿಗೆ ಅಷ್ಟು ಭಕ್ತಿ. ದೇವರ ದೂತರು ನರಿಗಳು. ಎರಡೂ ಕಡೆ ಕಲ್ಲಿನ ನರಿ, ಕೊರಳಿಗೆ ಕೆಂಪು ಬಟ್ಟೆ, ಒಂದರ ಬಾಯಲ್ಲಿ ನೆಲ್ಲಿನ ತೆನೆ. "ಇನಾರಿ ಅನ್ನೋದರಾಗ ನರಿ ಹೊಕ್ಕೊಂಡು ಕುಂತೈತಲ್ಲೋ" ಎಂದು ನಾನು ಹೇಳಿದಾಗ ಯಂಕೋಬ ನಗಲಿಲ್ಲ. ನನ್ನ ಇಂಥ ಮಾತಿಗೆ ನಗದವರಲ್ಲಿ ಆತ ಮೊದಲಿಗನೇನಲ್ಲ.

ಬಾಗಿಲಲ್ಲಿ ಕಲ್ಲಿನ ದೋಣಿ, ಅದರಲ್ಲಿ ಕೊರೆಯುವ ನೀರು, ಬಿದಿರಿನ ಸೌಟು. ಮೊರಿತಾ ಮೊದಲು ಎಡಗೈ ತೊಳೆದ, ಆಮೇಲೆ ಬಲಗೈ, ಎಡಗೈಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಿದ. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿ, ಉಳಿದ ನೀರು ಹಿಡಿಯ ಮೇಲೆ ಇಳಿಯುವಂತೆ ಮಾಡಿ ಇಟ್ಟ. ಮುಂದೆ ಬರುವವನಿಗೆ ಹಿಡಿ ಸ್ವಚ್ಛವಾಗಿರಲಿ ಎಂದು. ಕಾಣದ ಮನುಷ್ಯನ ಬಗ್ಗೆ ಇಷ್ಟು ಯೋಚನೆ ಮಾಡುವುದು ಯಂಕೋಬನಿಗೆ ಹಿಡಿಸಿತು. ಗುಡಿಯ ಮುಂದೆ ನೆಲ್ಲಿನ ಹುಲ್ಲಿನಿಂದ ಹೊಸೆದ, ತೊಡೆಯಷ್ಟು ದಪ್ಪನೆಯ ಹಗ್ಗ ಕಟ್ಟಿದ್ದರು. ನಮ್ಮಲ್ಲಿ ಎಮ್ಮೆ ತಿಂದು ಉಳಿದದ್ದನ್ನು ಹೊಲದಲ್ಲೇ ಸುಡುವ ಹುಲ್ಲು, ಅಲ್ಲಿ ದೇವರ ತಲೆಯ ಮೇಲೆ.

ಒಳಗೆ ಮೂರ್ತಿ ಕಾಣಲಿಲ್ಲ. ಯಂಕೋಬ ಕೊರಳು ಉದ್ದ ಮಾಡಿ ನೋಡಿದ. ಪರದೆ, ಅದರ ಹಿಂದೆ ಕತ್ತಲೆ. ಯಾವ ಕುಲ, ಯಾವ ಊರು, ಯಾರ ಹೆಸರಲ್ಲಿ ಪೂಜೆ ಎಂದು ಕೇಳುವವರಿಲ್ಲ. ಕಾನ್ವೆಂಟಿನಲ್ಲಿ ಕಲಿತ ನನಗೆ ದೇವರೆಂದರೆ ಮೊದಲು ಹಾಜರಿ ಕರೆಯುವವನು. ಅಲ್ಲಿ ಹಾಗಲ್ಲವಂತೆ, ಭಕ್ತನೇ ಹಾಜರಿ ಹೇಳಬೇಕು. ಮೊರಿತಾ ಪೆಟ್ಟಿಗೆಯಲ್ಲಿ ನಾಣ್ಯ ಹಾಕಿ, ಹಗ್ಗ ಎಳೆದು ಗಂಟೆ ಅಲುಗಿಸಿ, ಎರಡು ಸಲ ಬಾಗಿ, ಎರಡು ಚಪ್ಪಾಳೆ ಹೊಡೆದು, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತ. ತುಟಿ ಅಲುಗುತ್ತಿದ್ದವು. ಅವನ ಹೆಂಡತಿ ತೀರಿಹೋಗಿ ಬಹಳ ದಿನವಾಗಿರಲಿಲ್ಲ ಎಂದು ಯಂಕೋಬನಿಗೆ ಆಮೇಲೆ ಫೋಟೊ ನೋಡಿ ತಿಳಿಯಿತು. ಅವನ ಪಕ್ಕದಲ್ಲಿ ಯಂಕೋಬನೂ ಬಾಗಿ, ಚಪ್ಪಾಳೆ ಹೊಡೆದು, ಕಣ್ಣು ಮುಚ್ಚಿದ.

ಆಮೇಲೆ ಪ್ರತಿ ರವಿವಾರ ಹೋದರು. ಕೈಯಿಂದ ಕರೆಯುವುದು, ಮೆಟ್ಟಿಲು, ನೀರು, ಚಪ್ಪಾಳೆ, ಇಳಿಯುವುದು. ನಡುವೆ ಒಂದು ಮಾತಿಲ್ಲ. ಆ ಊರಿನಲ್ಲಿ ಯಂಕೋಬ ತನ್ನ ಸಲುವಾಗಿ ಮಾಡಿದ ಸದ್ದು ಎಂದರೆ ಆ ಚಪ್ಪಾಳೆ ಒಂದೇ. ಅದು ಕೈಗೆ ಅಂಟಿಕೊಂಡೇ ಬಂತು.

ಬಂದು ನೋಡಿದರೆ ಮನೆಗೆ ಬೀಗ. ಕೀಲಿ ಕೊಡುವಾಗ ನಾನು ಸುದ್ದಿ ಹೇಳಿದೆ. ಟ್ರಂಕು ನನ್ನ ಕಟ್ಟೆಯ ಮೇಲೆ ಬಿಟ್ಟು ಅದೇ ಕಾಲಲ್ಲಿ ಗುರುಗುಂಟಾಕ್ಕೆ ಹೋದ. ಅಮರಮ್ಮ ಒಳಗಿಂದ ಹೊರಗೆ ಬರಲಿಲ್ಲ. ಅಂಗಳದಲ್ಲಿ ನಿಂತು, "ಸಾಹುಕಾರ ಹೇಳಬ್ಯಾಡ ಅಂದಿದ್ದ" ಎಂದ. ಒಳಗಿನಿಂದ, "ಹಂಗಾದ್ರ ಸಾಹುಕಾರನ ಜತಿಗೇ ಸಂಸಾರ ಮಾಡು" ಎಂದು ಉತ್ತರ ಬಂತು. ಅದಾಗಿ ವರ್ಷದ ಮೇಲೆ ಆದಪ್ಪ ಹೊಂದಿಸಿದ್ದೇ ಆ ಶ್ರಾವಣ ಸೋಮವಾರ. ಅದರ ಗತಿ ಮೊದಲೇ ಹೇಳಿದೆ.

ಗುಡಿಯ ಪ್ರಸಂಗದ ಮೇಲೆ ಯಂಕೋಬ ಮನೆಯಲ್ಲಿ ಮಲಗುವುದು ಬಿಟ್ಟು ಮಿಲ್ಲಿನ ಹಿಂದಿನ ಕೋಣೆಗೆ ಹೋದ. "ಯಾಕೋ?" ಎಂದರೆ, "ಅಲ್ಲಿ ಸದ್ದು ಇರ್ತೈತ್ರಿ ಸರ್" ಎಂದ. ಗೋಡೆಯ ಆಚೆ ಈಗ ಇಬ್ಬರ ಮೌನ ಅಲ್ಲ, ಯಾರೂ ಇಲ್ಲದ ಮೌನ. ಅದು ಬೇರೆ ತರಹದ್ದು, ನನಗೇ ಓದಲು ಬರೆಯಲು ತೊಡಕಾಗುತ್ತಿತ್ತು.

ಮೊದಲಮೊದಲು ಜಿಲಾನಿಸಾಬನ ಅಂಗಡಿಯಲ್ಲಿ ಅವನಿಗೆ ಒಳ್ಳೆಯ ಬೆಲೆ ಇತ್ತು. "ಕಪ್ಪಿ ತಿಂತಾರಂತ ಹೌದೇನಲೇ?" "ನಾ ನೋಡಿಲ್ಲ." "ಹಾವು?" "ನೋಡಿಲ್ಲ." "ಮತ್ತೇನು ನೋಡಿ ಬಂದ್ಯೋ ಮಾರಾಯ, ಕಣ್ಣ ಕಟ್ಟಿಕೊಂಡು ಹೋಗಿದ್ದ್ಯಾ?" ಎಂದು ಜಿಲಾನಿಸಾಬ್ ಕೆಣಕಿದರೆ, ಯಂಕೋಬ ಬಹಳ ಹೊತ್ತು ಯೋಚಿಸಿ, "ನೀರಿನ ಸೌಟು ಭಾಳ ಚಲೋ ಇಡ್ತಾರ" ಎನ್ನುತ್ತಿದ್ದ. ಇಂಥ ಜಪಾನು ಎಷ್ಟು ದಿನ ನಡೆಯುತ್ತದೆ? ಟಿವಿ ಬಂದು ಇದಕ್ಕಿಂತ ಚೆನ್ನಾದ ಜಪಾನ್ ತೋರಿಸಿತು. ಕೇಳುವವರು ಇಲ್ಲದಾದರು. ಹಬ್ಬಕ್ಕೆ ಮಿಲ್ಲು ಮುಚ್ಚಿದಾಗ ಅವನು ನಿಂತ ಮಿಷನ್ನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿರುವುದನ್ನು ನಾನು ಒಂದೆರಡು ಸಲ ಕಂಡೆ. ಗ್ರೀಸು ಹಚ್ಚಿದ್ದಕ್ಕೇ ಮತ್ತೆ ಹಚ್ಚುತ್ತಿದ್ದ.

ಮುಂಜಾನೆ ಮಿಷನ್ ಚಾಲೂ ಮಾಡುವ ಮೊದಲು ನಳದ ಹತ್ತಿರ ಎಡಗೈ, ಬಲಗೈ, ಬಾಯಿ ತೊಳೆದು, ಮಿಷನ್ನಿಗೆ ಬಾಗಿ, ಎರಡು ಚಪ್ಪಾಳೆ ಹೊಡೆಯುತ್ತಿದ್ದ. ತೌಡು ಗುಡಿಸುವ ಹುಸೇನ್‌ಬೀ ಮೊದಲ ದಿನ ಕಸಬರಿಗೆ ಹಿಡಿದುಕೊಂಡೇ ಓಡಿ ಬಂದಳು.

"ಯಾಕಪಾ, ಕರದಿ?"

"ನಿನ್ನ ಅಲ್ಲ ಬೇ ಅಕ್ಕಾ. ದೇವರನ್ನ."

"ಅಲ್ಲಾ, ದೇವರು ಬಂದಾನೇನು?" ಎಂದು ಆ ಕಡೆ ಈ ಕಡೆ ನೋಡಿ, "ಇಲ್ಲಲ್ಲ. ಮತ್ತ ನಾ ಬಂದೀನಿ, ಹೇಳು" ಎಂದಳು.

ಮರುದಿನವೂ ಬಂದಳು. ಅದು ಚೇಷ್ಟೆಯಾಗಿ ಸುರುವಾಗಿ ರೂಢಿಯಾಯಿತು. ಚಪ್ಪಾಳೆ ಬಿದ್ದರೆ ಹುಸೇನ್‌ಬೀ ಬಂದು ನಿಂತು, "ಬಂದೀನಪಾ" ಎಂದು ಹೇಳಿ ಹೋಗುವಳು. ಒಂದು ವರ್ಷ, ಮತ್ತೊಂದು ವರ್ಷ. ಸಿಂಧನೂರಿನಂಥ ಊರಿನಲ್ಲಿ ಒಬ್ಬ ಮನುಷ್ಯನ ಕರೆಗೆ ಬರುತ್ತಿದ್ದವಳು ಆಕೆ ಒಬ್ಬಳೇ, ಅದೂ ಅವನು ಕರೆಯದೆ.

ಹುಸೇನ್‌ಬೀಯ ಮಗಳು ನಜಮಾಳನ್ನು ಗುರುಗುಂಟಾಕ್ಕೆ ಕೊಟ್ಟಿದ್ದರು. ತೊಂಬತ್ತೆರಡರ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆ ಹೋದಾಗ ಆಕೆ ಬೋರಿಂಗ್ ಹತ್ತಿರ ಅಮರಮ್ಮನನ್ನು ಹಿಡಿದು ನಿಲ್ಲಿಸಿದಳು. ಈ ಮಾತು ನನಗೆ ಹುಸೇನ್‌ಬೀಯೇ ಹೇಳಿದ್ದು.

"ಯವ್ವಾ ಅಮರಮ್ಮ, ಒಂದು ನೀ ಬಾ, ಇಲ್ಲ ನಿನ್ನ ಗಂಡನ ಚಪ್ಪಾಳಿ ಬಿಡಸು. ನನಗ ಮೊಣಕಾಲು ನೋವು ಬಂದಾವ."

"ಇನ್ನಾ ಹೊಡೀತಾನ? ಯಾರನ್ನ ಕರೀತಾನ?"

"ಯಾರನ್ನರ ಕರೀಲಿ. ಬರಾಕಿ ನಾ ಒಬ್ಬಾಕಿ."

ಅಮರಮ್ಮ ಕೊಡ ತುಂಬಿ ಚೆಲ್ಲುತ್ತಿದ್ದರೂ ಕೈಪಂಪು ಹೊಡೆಯುತ್ತಲೇ ಇದ್ದಳಂತೆ. ಕೆಲವು ದಿನಗಳ ಮೇಲೆ ಆದಪ್ಪನಿಗೆ ತಾನಾಗಿಯೇ ಹೇಳಿದಳು: "ಆತನ್ನ ಮಸ್ಕಿಗೆ ಬಾ ಅನ್ನು ಕಾಕಾ. ಇಲ್ಲಿಗೆ ಬ್ಯಾಡ, ನಾ ಅಲ್ಲಿಗೆ ಹೋಗೂದಿಲ್ಲ. ಒಂದ ಮಾತು ಕೇಳೂದೈತಿ."

ಮಸ್ಕಿ ಎರಡೂ ಊರಿನ ನಡುವಿನದು. ಅವನ ಕಡೆಯೂ ಅಲ್ಲ, ಅವಳ ಕಡೆಯೂ ಅಲ್ಲ. ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಒಂದು ಕಲ್ಲುಬೆಂಚು. ಯಂಕೋಬ ನನ್ನನ್ನೂ ಕರೆದುಕೊಂಡು ಹೋಗಿದ್ದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿದ ತಲೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ, ಎಲ್ಲಿ ತಮ್ಮಷ್ಟಕ್ಕೆ ಚಪ್ಪಾಳೆ ಹೊಡೆದಾವೋ ಎಂಬ ಭಯಕ್ಕೆ.

ಅಮರಮ್ಮ ಬಂದು ಬೆಂಚಿನ ಆ ತುದಿಗೆ ಕೂತಳು. ಬಗಲಲ್ಲಿ ಅದೇ ಬ್ಯಾಗು. ನಡುವೆ ಆದಪ್ಪ. ನಾನು ಮರಕ್ಕೆ ಒರಗಿ ನಿಂತೆ.

"ಕಾಕಾ, ಆತನ್ನ ಕೇಳು, ಮೈಯಾಗ ಹುಷಾರದಾನೋ ಹೆಂಗ."

ಆದಪ್ಪ ಈ ಕಡೆ ತಿರುಗಿ, "ಹುಷಾರದಿಯೇನೋ?"

"ಅದೀನಿ ಅನ್ರಿ."

"ಅದಾನಂತವ್ವ."

ಒಂದೇ ಬೆಂಚಿನ ಮೇಲೆ ಕೂತವರ ಮಾತು ಟ್ರಂಕ್ ಕಾಲ್ ಫೋನಿನಂತೆ ಆದಪ್ಪನ ಮೂಲಕ ಹೋಗಿ ಬರುತ್ತಿತ್ತು.

"ಕಾಕಿನಾಡ ಅಂತ ಯಾಕ ಹೇಳ್ದ, ಕೇಳು."

"ಸಾಹುಕಾರ..." ಎಂದು ಯಂಕೋಬ ಬಾಯಿ ತೆಗೆದ.

"ಸಾಹುಕಾರನ್ನ ಬಿಡು ಅನ್ನು ಕಾಕಾ. ಆತ ಹೇಳಿದ್ದು ಆತಗ. ನನಗ ಸುಳ್ಳು ಹೇಳಿದಾವ ಯಾರು?"

ಯಂಕೋಬ ಆದಪ್ಪನನ್ನು ಬಿಟ್ಟು ನೇರವಾಗಿ ಹೇಳಿದ: "ಹೇಳಿದ್ರ ನೀ ಅಳತಿದ್ದಿ. ನೀ ಅತ್ರ ನಾ ಹೋಗ್ತಿರಲಿಲ್ಲ. ನನಗ ಹೋಗಬೇಕಂತ ಭಾಳ ಆಸಿ ಇತ್ತು, ಅಮರಿ."

ಆದಪ್ಪ ಮುಖ ಹಿಂಡಿದ, ಇಂಥದ್ದನ್ನೂ ಹೇಳುತ್ತಾರೇನೋ ಎನ್ನುವಂತೆ. ಆದರೆ ಅಮರಮ್ಮ ಮೊದಲ ಸಲ ಗಂಡನ ಕಡೆ ತಿರುಗಿ ಕೂತಳು. ಮುಖದಲ್ಲಿ ಏನಿತ್ತೆಂದು ನನಗೆ ಹೇಳಲು ಬರುವುದಿಲ್ಲ. ಸಿಟ್ಟು ಅಲ್ಲ, ಸಮಾಧಾನವೂ ಅಲ್ಲ, ಬಹಳ ದಿನ ಯಾರೂ ತಟ್ಟದ ಮನೆಯ ಬಾಗಿಲಿನ ಹಾಗಿತ್ತು.

ಅಷ್ಟರಲ್ಲಿ ಎರಡೂ ಬಸ್ಸು ಬಂದು ನಿಂತವು. ಒಂದರ ಬಾಗಿಲಲ್ಲಿ ಖಾದರಬಾಷಾ, "ಸಿಂಧನೂರ್, ಸಿಂಧನೂರ್!" ಎಂದು ಕೂಗುತ್ತಿದ್ದವನು ನಮ್ಮನ್ನು ಕಂಡು ದನಿ ಇಳಿಸಿದ. ಇನ್ನೊಂದು ಲಿಂಗಸುಗೂರಿಗೆ, ಗುರುಗುಂಟಾದ ದಾರಿ.

ಅಮರಮ್ಮ ಎದ್ದು ನಿಂತು ಬ್ಯಾಗು ಎತ್ತಿಕೊಂಡಳು. "ಇನ್ನೊಂದು ಮಾತು ಕೇಳ್ತೀನಿ. ಚಂದಾಗಿ ಹೇಳಬ್ಯಾಡ. ಕಾಕಿನಾಡದ ಮಾತೂ ಚಂದಾಗೇ ಹೇಳಿದ್ದಿ. ಖರೇ ಹೇಳಿದ್ರ ಈ ಬಸ್ಸು ಹತ್ತಿ ನಿನ್ನ ಕೂಡ ಬರ್ತೀನಿ. ಸುಳ್ಳು ಅನ್ನಸ್ತೋ, ಆ ಬಸ್ಸು ಹತ್ತೀನಿ. ಮತ್ತ ಯಾರೂ ಕರೀಬ್ಯಾಡ್ರಿ."

"ಕೇಳು," ಎಂದ ಯಂಕೋಬ.

"ನಾ ಇಲ್ಲಿ ಮಂದಿ ಮುಂದ ಮುಖ ಇಲ್ಲದಂಗ ಕುಂತಿದ್ದೆ. ನೀ ಅಲ್ಲಿ, ಕಾಕಾ ಹೇಳಿದ ಆ ನರಿ ದೇವರ ಮುಂದ ವಾರಾವಾರಾ 'ಬಂದೀನಿ' ಅಂತ ಚಪ್ಪಾಳಿ ಹೊಡದು ಕಣ್ಣ ಮುಚ್ಚಿದ್ಯಲ್ಲ. ಏನ್ ಬೇಡಿಕೊಂಡಿ?"

ಬೇವಿನ ಮರದ ಕೆಳಗೆ ಅದಕ್ಕೆ ಉತ್ತರ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಆದಪ್ಪ ಅಮರಮ್ಮನ ಬೆನ್ನ ಹಿಂದಿನಿಂದ ಆಕೆಯ ಕಡೆ ಬೆರಳು ಮಾಡಿ, 'ಈಕಿನ್ನ, ಈಕಿನ್ನ' ಎಂದು ತುಟಿಯಲ್ಲೇ ಹೇಳಿಕೊಟ್ಟ. ಖಾದರಬಾಷಾ ಬಸ್ಸಿನ ಬಾಗಿಲಿನಿಂದ ಕೈಸನ್ನೆ ಮಾಡಿದ. ನಾನೂ, ಪಾಠ ಹೇಳುವ ಚಟ, ಆಕೆಯ ಕಡೆ ಕಣ್ಸನ್ನೆ ಮಾಡಿದೆ.

ಯಂಕೋಬ ಎಲ್ಲರನ್ನೂ ಒಂದು ಸಲ ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ.

"ಜ್ವಾಳದ ರೊಟ್ಟಿ," ಎಂದ. "ಮೂರೂ ಹೊತ್ತು ಅನ್ನಾನೇ ಹಾಕ್ತಿದ್ರು."